ಮಣಿಕಟ್ಟು ಬೆಚ್ಚಗಿತ್ತು

ಬೆಂಗಳೂರು
10 ಜುಲೈ 1994

ಅಪ್ಪನಿಗೆ ಬೆಟ್ಟಮ್ಮನ ನಮಸ್ಕಾರ.

ಕ್ರೀಡಾ ಹಾಸ್ಟೆಲಿಗೆ ಬಂದು ತಿಂಗಳಾಯಿತು. ಬಸ್ ಹತ್ತಿಸುವಾಗ ಅಳಬೇಡ ಎಂದಿದ್ದೆಯಲ್ಲ, ಬಾಳ್ಳುಪೇಟೆ ದಾಟುವ ತನಕ ಅಳಲಿಲ್ಲ. ಆಮೇಲಿನದು ಕೇಳಬೇಡ.

ಇಲ್ಲಿನ ಈಜುಕೊಳದ ನೀರು ನೀಲಿ. ಔಷಧಿಯ ವಾಸನೆ. ತಳದಲ್ಲಿ ಒಂದು ಕಪ್ಪು ಗೆರೆ ಎಳೆದಿದ್ದಾರೆ, ಅದನ್ನೇ ನೋಡಿಕೊಂಡು ಹೋಗಬೇಕು, ಗೋಡೆ ಮುಟ್ಟಬೇಕು, ತಿರುಗಬೇಕು. ನಮ್ಮ ಹೇಮಾವತಿಯಲ್ಲಿ ಆಚೆ ದಡಕ್ಕೆ ಹೋದರೆ ಒಂದು ನೇರಳೆ ಮರವಾದರೂ ಇರುತ್ತಿತ್ತು. ಇಲ್ಲಿ ಎಷ್ಟು ಈಜಿದರೂ ಎಲ್ಲಿಗೂ ಹೋಗುವುದಿಲ್ಲ. ಕೋಚ್ ಯೋಗಾನಂದ ಸರ್‌ಗೆ ಹಾಗೆಂದು ಹೇಳಿಬಿಟ್ಟೆ. ನಕ್ಕರು. "ಹೋಗೋ ಕಾಲ ಬರುತ್ತೆ, ಮೊದಲು ಕೈ ನೆಟ್ಟಗೆ ಹಾಕೋದು ಕಲಿ" ಎಂದರು.

ಹುಡುಗಿಯರಿಗೆ ನನ್ನ ಹೆಸರೇ ಒಂದು ತಮಾಷೆ. ಬೆಟ್ಟ ತೇಲುತ್ತೇನೇ ಎಂದು ಕೇಳುತ್ತಾರೆ. ಅಪ್ಪ ಏನು ಕೆಲಸ ಮಾಡುತ್ತಾರೆ ಎಂದಾಗ, ಎಸ್ಟೇಟಿನ ಪಂಪ್‌ಹೌಸ್ ನೋಡಿಕೊಳ್ಳುತ್ತಾರೆ ಎಂದೆ. ಪೊಲೀಸಿನವರು ಕರೆದಾಗ ಮುಳುಗಿದವರನ್ನು ತೆಗೆಯಲು ನೀನು ಹೊಳೆಗೆ ಇಳಿಯುವುದನ್ನು ಹೇಳಲಿಲ್ಲ. ಹೇಳಿದ್ದರೆ ರಾತ್ರಿ ನನ್ನ ಪಕ್ಕದ ಮಂಚದಲ್ಲಿ ಯಾರೂ ಮಲಗುತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಪಕ್ಕದ ಮನೆ ನಯನಾ ಒಬ್ಬಳೇ ನೀರಿಗೆ ಇಳಿಯದ ಹಾಗೆ ನೋಡಿಕೋ. ಅವಳಿಗೆ ಫಿಟ್ಸ್ ನಿಂತು ಎರಡು ವರ್ಷವಾಯಿತು ನಿಜ, ಆದರೂ ನಾನು ಇದ್ದಾಗ ಪಕ್ಕದಲ್ಲೇ ಇರುತ್ತಿದ್ದೆ. ಈಗ ನೀನೇ ಇರಬೇಕು.

ನಿನ್ನ ಮಗಳು
ಬೆಟ್ಟಮ್ಮ


ಹೊಳೆಬಾಗಿಲು, ಸಕಲೇಶಪುರ ತಾಲ್ಲೂಕು
2 ಆಗಸ್ಟ್ 1994

ಚಿರಂಜೀವಿ ಬೆಟ್ಟಮ್ಮನಿಗೆ ಅಪ್ಪ ಜವರಪ್ಪನ ಆಶೀರ್ವಾದ. ನಾವು ಚೆನ್ನಾಗಿದ್ದೇವೆ. ಹಸು ನಮಗಿಂತ ಚೆನ್ನಾಗಿದೆ.

ಹೊಳೆ ಪಂಪ್‌ಹೌಸಿನ ಮೂರನೇ ಮೆಟ್ಟಿಲಿಗೆ ಬಂದಿದೆ. ಮೋಟಾರು ಮೇಲೆ ಎತ್ತಿಟ್ಟಾಯಿತು. ನನಗೆ ಕೆಲಸವಿಲ್ಲ, ಸುಮ್ಮನೆ ಸಂಬಳ ತಿನ್ನುತ್ತಾನೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗೆ ಹೊಟ್ಟೆಯುರಿ.

ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ, ನೋಡು. ಪೊಲೀಸ್ ಜೀಪು ಬಂದಿದ್ದ ಸುದ್ದಿ. ನಿನ್ನವ್ವ ಓದಿಸಿ ಕೇಳಿದವಳು, "ನೀರಿಗಿಳಿಯೋ ಮಗೀಗೆ ಆ ಸುದ್ದಿ ಬರೀಬ್ಯಾಡ ಕಣ್ರೀ. ಅದು ಕಾಗದದ ಜೊತೆ ಹೋಗ್ಬುಡ್ತದೆ" ಎಂದಳು. ಅವಳು ಹೇಳುವುದೂ ಸರಿಯೇ. ಆ ಕೆಲಸ ಮಾಡಿದ ದಿನ ನಾನು ಮುಂಬಾಗಿಲಿಂದ ಒಳಗೆ ಬರುವುದಿಲ್ಲ, ಹಿತ್ತಲಲ್ಲೇ ಸ್ನಾನ ಮಾಡುತ್ತೇನೆ, ಹೋದವರ ಹೆಸರು ಮನೆಯಲ್ಲಿ ಎತ್ತುವುದಿಲ್ಲ. ಇನ್ನು ಕಾಗದದಲ್ಲೂ ಎತ್ತುವುದಿಲ್ಲ. ನೀನೂ ಅಂಥ ಮಾತು ಬರೆಯಬೇಡ.

ನಯನಾಳ ಜವಾಬ್ದಾರಿ ನನ್ನದು. ಚಿನ್ನಮ್ಮನ ಮಗಳು ಬೇರೆಯಲ್ಲ, ನೀನು ಬೇರೆಯಲ್ಲ.

ಇಂತಿ
ಅಪ್ಪ


ಬೆಂಗಳೂರು
19 ಜನವರಿ 1997

ಅಪ್ಪಾ,

ಕೊನೆಗೂ ಗೋಡೆಯಿಲ್ಲದ ನೀರು ಸಿಕ್ಕಿತು. ಕಾರವಾರದಲ್ಲಿ ಸಮುದ್ರದ ಸ್ಪರ್ಧೆ. ನನಗೆ ಮೂರನೇ ಸ್ಥಾನ. ಪೇಪರಿನಲ್ಲಿ ಬಂದ ಚೂರು ಇದರೊಳಗಿದೆ. ಫೋಟೋದಲ್ಲಿ ಎಡಗಡೆ ಕೊನೆಗೆ ಹಲ್ಲು ಕಾಣಿಸುತ್ತಿರುವುದು ನಾನೇ.

ಸಮುದ್ರ ನಮ್ಮ ಹೊಳೆಯ ಹಾಗೆ ಒಂದು ಕಡೆಗೆ ಹರಿಯುವುದಿಲ್ಲ ಅಪ್ಪ. ಎತ್ತುತ್ತದೆ, ಇಳಿಸುತ್ತದೆ, ದಡ ಕಾಣಿಸಿ ಮುಚ್ಚಿಡುತ್ತದೆ. ಬಾಯಿಗೆ ಉಪ್ಪು ಹೋಗಿ ನಾಲಿಗೆ ಊದಿಕೊಂಡಿತ್ತು. ಪಕ್ಕದಲ್ಲಿ ಒಂದು ದೋಣಿ ಬರುತ್ತದೆ. ಅದರಿಂದ ಕೋಲಿನ ತುದಿಗೆ ಲೋಟ ಕಟ್ಟಿ ಗ್ಲೂಕೋಸ್ ನೀರು ಕೊಡುತ್ತಾರೆ. ಆದರೆ ನಾನು ದೋಣಿ ಮುಟ್ಟಬಾರದು, ದೋಣಿಯಲ್ಲಿದ್ದವರು ನನ್ನನ್ನು ಮುಟ್ಟಬಾರದು. ಬೆರಳು ತಗುಲಿದರೂ ಸೀಟಿ ಊದಿ ಹೊರಗೆ ಹಾಕುತ್ತಾರೆ. ಅದೇ ಈ ಆಟದ ದೊಡ್ಡ ನಿಯಮ.

ಬಳಲಿದಾಗ, ಕಾಲು ಹಿಡಿದುಕೊಂಡಾಗ, ನೀರಿನಲ್ಲೇ ಸುಧಾರಿಸಿಕೊಳ್ಳುವ ಒಂದು ಬಗೆಯನ್ನು ಸರ್ ಕಲಿಸಿದ್ದಾರೆ. ಹುಡುಗಿಯರು ಅದಕ್ಕೆ ಒಂದು ಹೆಸರಿಟ್ಟಿದ್ದಾರೆ. ಅವ್ವ ಕೇಳಿದರೆ ಪೊರಕೆ ತೆಗೆದುಕೊಳ್ಳುತ್ತಾಳೆ, ಅದಕ್ಕೇ ಬರೆಯುವುದಿಲ್ಲ. ಬಂದಾಗ ತೋರಿಸುತ್ತೇನೆ.

ಬೆಟ್ಟಮ್ಮ


ಹೊಳೆಬಾಗಿಲು
3 ಮಾರ್ಚ್ 1997

ಚಿ. ಬೆಟ್ಟಮ್ಮನಿಗೆ ಆಶೀರ್ವಾದ.

ನಿನ್ನ ಹಲ್ಲು ಪಂಪ್‌ಹೌಸಿನ ಗೋಡೆಗೆ ಅಂಟಿಸಿದ್ದೇನೆ. ಬಂದವರೆಲ್ಲ ನೋಡಲೇಬೇಕು, ಇಲ್ಲದಿದ್ದರೆ ನೀರು ಬಿಡುವುದಿಲ್ಲ. ರೈಟರ್ ಕೂಡ ಕನ್ನಡಕ ಹಾಕಿಕೊಂಡು ನೋಡಿ, "ನಿನ್ ಮಗಳೇನಾ ಮಾರಾಯ? ಪರವಾಗಿಲ್ವೇ" ಎಂದ.

ಕಾಫಿ ಹೂವಿಗೆ ಮಳೆ ಬರಲಿಲ್ಲ. ಹಗಲೂ ರಾತ್ರಿ ಸ್ಪ್ರಿಂಕ್ಲರ್ ಓಡುತ್ತಿದೆ. ಹೊಳೆಯ ತಳದಲ್ಲಿ ಪೈಪಿನ ಬಾಯಿಗೆ ಎಲೆ ಕಟ್ಟಿಕೊಳ್ಳುತ್ತದೆ, ನಾನು ಮುಳುಗಿ ತೆಗೆಯುತ್ತೇನೆ. ನಾನು ತೋಟಕ್ಕೆ ಹೂ ಬಿಡಿಸುವವನು ಎಂದು ನಯನಾ ಹಾಸ್ಯ ಮಾಡುತ್ತಾಳೆ. ಅವಳು ಈಗ ಎಸ್ಟೇಟಿನ ಸಸಿಮಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸಂಜೆ ಹೊಳೆಗೆ ಬಂದರೆ ನಾನು ಮೆಟ್ಟಿಲ ಮೇಲೆ ಕೂತಿರುತ್ತೇನೆ.

ಅಪ್ಪ


ಬೆಂಗಳೂರು
22 ನವೆಂಬರ್ 1998

ಅಪ್ಪಾ,

ಇದನ್ನು ಅವ್ವನಿಗೂ ಓದಿ ಹೇಳು. ಜನವರಿ ಕೊನೆಗೆ ಮಲ್ಪೆಯಲ್ಲಿ ಆಯ್ಕೆಯ ಸ್ಪರ್ಧೆ. ಅದರಲ್ಲಿ ಮೊದಲು ಬಂದವಳನ್ನು ಇಂಗ್ಲಿಷ್ ಕಾಲುವೆ ಈಜಲು ಕಳಿಸುತ್ತಾರೆ. ಒಬ್ಬಳನ್ನು ಮಾತ್ರ. ಆ ಕಾಲುವೆ ನಮ್ಮ ಗದ್ದೆಯ ಕಾಲುವೆಯಲ್ಲ ಎಂದು ಅವ್ವನಿಗೆ ತಿಳಿಸು. ಎರಡು ದೇಶಗಳ ನಡುವಿನ ಸಮುದ್ರ ಅದು. ಈಜುವವರು ಜನ್ಮದಲ್ಲಿ ಒಮ್ಮೆಯಾದರೂ ದಾಟಬೇಕು ಎಂದುಕೊಳ್ಳುವ ನೀರು. ಸರ್ ಹೇಳುತ್ತಾರೆ, ಈ ವರ್ಷ ಅದು ನನ್ನದೇ ಅಂತೆ. ನನಗೂ ಹಾಗೇ ಅನ್ನಿಸುತ್ತದೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ.

ದೋಣಿಯಲ್ಲಿ ನಮ್ಮ ಕಡೆಯವರು ಒಬ್ಬರು ಇರಬಹುದು. ಬೇರೆ ಹುಡುಗಿಯರು ಅಣ್ಣಂದಿರನ್ನು ಕರೆಸುತ್ತಿದ್ದಾರೆ. ನೀನು ಬಾ. ಶಿರಾಡಿ ಘಾಟಿ ಇಳಿದರೆ ಸಮುದ್ರ, ಇಷ್ಟು ಹತ್ತಿರವಿದ್ದೂ ಒಂದು ದಿನ ನೋಡಲಿಲ್ಲ ನೀನು. ನೀರು ಗೊತ್ತಿರುವವರು ಪಕ್ಕದಲ್ಲಿದ್ದರೆ ನನಗೆ ಧೈರ್ಯ.

ಬೆಟ್ಟಮ್ಮ


ಹೊಳೆಬಾಗಿಲು
14 ಡಿಸೆಂಬರ್ 1998

ಬರುತ್ತೇನೆ. ಹೊಸ ಪಂಚೆ ತೆಗೆದಿದ್ದೇನೆ, ನಿನ್ನ ಮರ್ಯಾದೆಗೆ ಕಡಿಮೆಯಾಗದ ಹಾಗೆ.

ಹೋದ ವಾರ ಆಲೂರಿನ ಕಡೆ, ಹಿನ್ನೀರಿನಲ್ಲಿ ಒಂದು ಕೆಲಸ ಬಂದಿತ್ತು. ಅದು ಇಲ್ಲಿ ಬೇಡ. ಅಂದಿನಿಂದ ಊಟ ಸೇರುತ್ತಿಲ್ಲ, ಅಷ್ಟೇ. ಸಮುದ್ರದ ಗಾಳಿಗೆ ಸರಿಹೋಗಬಹುದು.

ನಿನ್ನವ್ವ ಹಾಸನದ ಕಡೆ ಒಂದು ಗಂಡು ನೋಡಿದ್ದಾಳೆ. ನೀನು ಬಂದಮೇಲೆ ಮಾತಾಡೋಣ ಎನ್ನುತ್ತಿದ್ದಾಳೆ. ತಿಳಿಸು ಎಂದಳು, ತಿಳಿಸಿದ್ದೇನೆ.

ಅಪ್ಪ


ಬೆಂಗಳೂರು
9 ಫೆಬ್ರವರಿ 1999

ತಂದೆಯವರಿಗೆ,

ಮಲ್ಪೆಯ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಜೊತೆ ಮಾತಾಡಲಿಲ್ಲ. ಮಾತಾಡಿದ್ದರೆ ಏನು ಬರುತ್ತಿತ್ತೋ ಗೊತ್ತಿಲ್ಲ. ಈಗ ಬರೆಯುತ್ತೇನೆ.

ನನ್ನ ಮುಂದೆ ಯಾರೂ ಇರಲಿಲ್ಲ. ದಡದ ತೆಂಗಿನ ಗರಿ ಒಂದೊಂದಾಗಿ ಕಾಣುತ್ತಿತ್ತು. ಕಾಲಿನ ಮೀನಖಂಡ ಹಿಡಿದುಕೊಂಡಿತು. ಹಾಗಾದಾಗ ಏನು ಮಾಡಬೇಕೆಂದು ಸರ್ ಕಲಿಸಿದ್ದರೋ ಅದನ್ನೇ ಮಾಡಿದೆ. ಮುಖ ನೀರಿನೊಳಗೆ ಇಟ್ಟು, ಕೈಕಾಲು ಇಳಿಬಿಟ್ಟು, ಕವುಚಿ ತೇಲುವುದು. ಮೈ ಸಡಿಲವಾಗುತ್ತದೆ, ಕಾಲು ಬಿಡುತ್ತದೆ, ಆಮೇಲೆ ತಲೆ ಎತ್ತಿ ಉಸಿರು ತೆಗೆದುಕೊಂಡು ಹೊರಡುವುದು. ಇನ್ನೊಂದು ಕ್ಷಣದಲ್ಲಿ ತಲೆ ಎತ್ತುತ್ತಿದ್ದೆ. ಅಷ್ಟರಲ್ಲಿ ನೀವು ದೋಣಿಯಿಂದ ಹಾರಿ ನನ್ನ ಕೈ ಹಿಡಿದಿರಿ. ಸೀಟಿ ಊದಿದರು. ನಾನು ಕಿರುಚುತ್ತಿದ್ದೆ. ನೀವು ನಗುತ್ತಿದ್ದಿರಿ. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಮುಟ್ಟಬಾರದು ಎಂದು ಬರೆದಿದ್ದೆ. ಹಿಂದಿನ ಸಂಜೆ ಮತ್ತೆ ಹೇಳಿದ್ದೆ. ನೀವು ತಲೆ ಆಡಿಸಿದಿರಿ. ನೀವು ನೀರು ಗೊತ್ತಿಲ್ಲದವರೇನಲ್ಲ. ಹಾಸನದ ಗಂಡಿನ ವಿಷಯ ಅದೇ ಹೊತ್ತಿಗೆ ಯಾಕೆ ಬಂತು ಎಂದು ಈಗ ಅರ್ಥವಾಗುತ್ತಿದೆ. ಮಗಳು ಕಾಲುವೆ ದಾಟಿಬಿಟ್ಟರೆ ಮನೆಗೆ ಬರುವುದಿಲ್ಲ ಎಂದುಕೊಂಡಿರಿ. ಬಾಯಲ್ಲಿ ಹೇಳಿದ್ದರೆ ಸಾಕಿತ್ತು.

ಬಿ. ಜೆ. ಬೆಟ್ಟಮ್ಮ


ಹೊಳೆಬಾಗಿಲು
1 ಮಾರ್ಚ್ 1999

ಚಿ. ಬೆಟ್ಟಮ್ಮನಿಗೆ,

"ನೀವು" ಎಂದು ಬರೆದಿದ್ದೀಯ. ಓದುವಾಗ ನನ್ನ ಹಿಂದೆ ಯಾರೋ ದೊಡ್ಡವರು ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ.

ಗಂಡಿನ ವಿಷಯ ನಿನ್ನವ್ವನದು. ಈಗ ಬೇಡ, ಮಗು ನೀರು ದಾಟಿ ಬರಲಿ ಎಂದು ಅವತ್ತೇ ಅವರಿಗೆ ಹೇಳಿ ಕಳಿಸಿದ್ದೆ. ಅದನ್ನು ನಿನಗೆ ಬರೆಯಲಿಲ್ಲ. ಬರೆದರೆ ನೀನು ಅವ್ವನ ಮೇಲೆ ಹಾರಾಡುತ್ತೀಯ ಎಂದು.

ಇನ್ನೊಂದನ್ನು ನಿನ್ನವ್ವನಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ. ಬೆಟ್ಟಿ, ಮುಖ ನೀರಿನಲ್ಲಿಟ್ಟು ಕೈಕಾಲು ಇಳಿಬಿಟ್ಟು ಮಲಗಿದವರನ್ನು ನಾನು ಈ ಹೊಳೆಯಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಒಬ್ಬರೂ ತಲೆ ಎತ್ತಲಿಲ್ಲ. ಬದುಕಿದ್ದವರು ಹಾಗೆ ಮಲಗುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೆಣವನ್ನು ಕೆಲವರು ಜುಟ್ಟು ಹಿಡಿದು ಎಳೆಯುತ್ತಾರೆ. ನಾನು ಮಣಿಕಟ್ಟು ಹಿಡಿದು ತರುತ್ತೇನೆ, ಮನೆಗೆ ಕರೆದುಕೊಂಡು ಬಂದ ಹಾಗೆ. ಆ ಡಿಸೆಂಬರಿನಲ್ಲಿ ಹಿನ್ನೀರಿನಿಂದ ತಂದದ್ದು ಒಂದು ಕಾಲೇಜು ಹುಡುಗಿಯನ್ನು. ನಿನ್ನದೇ ವಯಸ್ಸು, ನಿನ್ನ ಹಾಗೇ ಅಗಲವಾದ ಭುಜ. ಅವಳ ಕೈಯ ಥಂಡಿ ನನ್ನ ಕೈಯಲ್ಲೇ ಇತ್ತು, ಮಲ್ಪೆಗೂ ಅದನ್ನು ಹೊತ್ತುಕೊಂಡೇ ಬಂದಿದ್ದೆ.

ನಿಯಮ ಮರೆತಿರಲಿಲ್ಲ. ನೀನು ಹೋಗಿಬಿಟ್ಟೆ ಎಂದುಕೊಂಡೆ, ಹೋದವಳಿಗೆ ಯಾವ ನಿಯಮ. ಮಣಿಕಟ್ಟು ಹಿಡಿದೆ. ಬೆಚ್ಚಗಿತ್ತು. ಇಷ್ಟು ವರ್ಷದಲ್ಲಿ ನೀರಿನೊಳಗೆ ನಾನು ಹಿಡಿದ ಬೆಚ್ಚಗಿನ ಕೈ ಅದೊಂದೇ. ಅದಕ್ಕೇ ನಗುತ್ತಿದ್ದೆ. ನಿನ್ನ ಬದುಕು ಹಾಳು ಮಾಡಿದೆ ಎಂದು ಗೊತ್ತಾಗಿದ್ದು ಆಮೇಲೆ.

ಅಪ್ಪ


ಬೆಂಗಳೂರು
6 ಜೂನ್ 1999

ಅಪ್ಪಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಾಗದೆ ಮೇ ತಿಂಗಳಲ್ಲಿ ಊರಿಗೇ ಬಂದೆ. ಬಂದು ಮಾಡಿದ್ದೇನು? ಪಂಪ್‌ಹೌಸಿನ ಮುಂದೆ ನಿನ್ನನ್ನು ಕೂರಿಸಿ, ಹೊಳೆಯಲ್ಲಿ ಕವುಚಿ ಮಲಗಿ, ಎದ್ದು, "ನೋಡಪ್ಪ, ಸತ್ತೋಗಿದೀನಾ?" ಎಂದು ಕೇಳಿದೆ. ಮತ್ತೆ ಮಲಗಿದೆ. ಮತ್ತೆ ಕೇಳಿದೆ. ನಿನ್ನ ಮುಖ ನೋಡಿದ ಮೇಲಾದರೂ ನಿಲ್ಲಿಸಬೇಕಿತ್ತು. ಸಿಟ್ಟು ಇನ್ನೂ ಇತ್ತು, ಸುಳ್ಳು ಯಾಕೆ ಹೇಳಲಿ. ಕವುಚಿ ಮಲಗಿದವರೆಲ್ಲ ಹೆಣವಲ್ಲ ಎಂದು ನೀನು ಕಲಿಯಬೇಕು ಅನ್ನಿಸಿತ್ತು.

ಹುಡುಗಿಯರು ಅದಕ್ಕೆ ಇಟ್ಟ ಹೆಸರು ಹೆಣದ ತೇಲು. ಅವತ್ತೇ ಬರೆದಿದ್ದರೆ ನಿನಗೆ ತಿಳಿದಿರುತ್ತಿತ್ತು. ಅವ್ವನ ಮಾತಿಗೆ ಹೆದರಿ ಬರೆಯಲಿಲ್ಲ. ಅದನ್ನು ಯೋಚಿಸಿದಾಗ ಸಿಟ್ಟು ಯಾರ ಮೇಲೆ ಇಡಬೇಕೋ ತಿಳಿಯುವುದಿಲ್ಲ.

ಕಾಲುವೆಗೆ ಬೇರೆ ಹುಡುಗಿ ಹೋಗುತ್ತಿದ್ದಾಳೆ. ಒಳ್ಳೆಯವಳು. ನನಗೆ ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸ ಸಿಕ್ಕಿದೆ. 2001ರಲ್ಲಿ ಮತ್ತೆ ಆಯ್ಕೆ ಇದೆ. ಅಲ್ಲಿಯವರೆಗೆ ಬಿಡುವುದಿಲ್ಲ.

ನಯನಾ ಒಂದೇ ದಿನದಲ್ಲಿ ಕಲಿತುಬಿಟ್ಟಳಲ್ಲ. ನನಗಿಂತ ಚೆನ್ನಾಗಿ ತೇಲುತ್ತಾಳೆ ಆ ಕಳ್ಳಿ.

ಬೆಟ್ಟಮ್ಮ


ಹೊಳೆಬಾಗಿಲು
12 ಜನವರಿ 2000

ಚಿ. ಬೆಟ್ಟಮ್ಮನಿಗೆ ಆಶೀರ್ವಾದ.

ನೀನು ಹಚ್ಚಿಹೋದ ಗೀಳು ನಯನಾಳಿಗೆ ಬಿಟ್ಟಿಲ್ಲ. ಸಂಜೆ ಸಸಿಮಡಿಯಿಂದ ಬರುವುದು, ಹೊಳೆಗೆ ಇಳಿಯುವುದು, ಕವುಚಿ ಮಲಗುವುದು. ಮೊದಮೊದಲು ನಾನು ಚಪ್ಪಲಿ ಸಮೇತ ನೀರಿಗೆ ಓಡುತ್ತಿದ್ದೆ. ಅವಳು ಎದ್ದು ಕೂತು ನಗುತ್ತಿದ್ದಳು. "ಮಾವ, ಇನ್ನೂ ಕಲೀಲಿಲ್ವಾ ನೀನು?" ಎನ್ನುತ್ತಾಳೆ. ಈಗ ಕಲಿತಿದ್ದೇನೆ. ಎದೆ ಹೊಡೆದುಕೊಳ್ಳುತ್ತದೆ, ಆದರೂ ಮೆಟ್ಟಿಲು ಬಿಟ್ಟು ಏಳುವುದಿಲ್ಲ. ಮುಂದಿನ ಸಲ ದೋಣಿಯಲ್ಲಿ ಕೂತರೆ ಕಲ್ಲಿನ ಹಾಗೆ ಕೂರುತ್ತೇನೆ. ನಿನ್ನ ಕಾಲುವೆ ನಿನಗೆ ಸಿಗಬೇಕು. ನನ್ನ ಕೈಯಿಂದ ಹೋದದ್ದು ನನ್ನ ಕಣ್ಣೆದುರೇ ಬರಬೇಕು.

ಅಪ್ಪ


ಹುಬ್ಬಳ್ಳಿ
18 ಜೂನ್ 2000

ಅಪ್ಪಾ,

ಯುಗಾದಿಗೆ ಮೊದಲು ಹಾಕಿದ ಕಾಗದಕ್ಕೆ ಉತ್ತರವಿಲ್ಲ, ಮೇನಲ್ಲಿ ಹಾಕಿದ್ದಕ್ಕೂ ಇಲ್ಲ. ಊರಿಗೆ ಬರಲಿಲ್ಲವೆಂದು ಮುನಿಸೇ? ರಜೆ ಎಲ್ಲ ಗೋವಾದ ತರಬೇತಿಗೆ ಹೋಯಿತು. ಪ್ರತಿ ದಿನ ಸಮುದ್ರ. ಮೈ ಕಪ್ಪಾಗಿ ಅವ್ವನಿಗೆ ಗುರುತು ಸಿಗುವುದು ಕಷ್ಟ.

ಆಯ್ಕೆ ಮತ್ತೆ ಮಲ್ಪೆಯಲ್ಲೇ. ನೀನೇ ದೋಣಿಗೆ ಬರಬೇಕು. ಯೋಗಾನಂದ ಸರ್ ಬೇಡವೆಂದರು. ನಮ್ಮಪ್ಪ ಬರದಿದ್ದರೆ ನಾನೂ ಇಳಿಯುವುದಿಲ್ಲ ಎಂದೆ. ಪಂಚೆ ಒಗೆದು ಇಟ್ಟಿರು.

ಬೆಟ್ಟಮ್ಮ


ಹುಬ್ಬಳ್ಳಿ
20 ಆಗಸ್ಟ್ 2000

ಅಪ್ಪಾ,

ಎಸ್ಟೇಟ್ ಆಫೀಸಿಗೆ ಫೋನ್ ಮಾಡಿ ಅವ್ವನನ್ನು ಕರೆಸಿದೆ. ನೀನು ಚೆನ್ನಾಗಿದ್ದೀಯ ಎಂದಳು. "ಪಂಪ್‌ಹೌಸಿಗೆ ಹೋಗ್ತಾ ಇಲ್ಲ, ತೋಟದ ಕೆಲಸ ಹಾಕ್ಕೊಂಡವ್ರೆ" ಎಂದಳು. ಯಾಕೆ ಎಂದರೆ ಹಸುವಿನ ಸುದ್ದಿ ತೆಗೆದಳು. ಮಂಡಿನೋವೇ? ಅಥವಾ ಇನ್ನೂ ಮಲ್ಪೆಯದನ್ನೇ ಹಿಡಿದು ಕೂತಿದ್ದೀಯಾ? ನಾನು ಮರೆತಿದ್ದೇನೆ ಅಪ್ಪ. ನಿಜವಾಗಿಯೂ. ನೀನೂ ಬಿಟ್ಟುಬಿಡು.

ಇದರ ಜೊತೆ ಪಾರ್ಸೆಲ್ಲಿನಲ್ಲಿ ಒಂದು ಈಜುವ ಕನ್ನಡಕ ಇದೆ. ನಯನಾಳಿಗೆ. ಕಣ್ಣಿಗೆ ಮರಳು ಹೋಗುತ್ತದೆ ಎಂದು ನಾನು ಊರಿಗೆ ಬಂದಾಗ ಕೇಳಿದ್ದಳು. ಅದು ಹಾಕಿಕೊಂಡು ಕವುಚಿ ಮಲಗಿದರೆ ತಳದ ಮೀನೆಲ್ಲ ಎಣಿಸಬಹುದು ಎಂದು ಹೇಳು.

ಬೆಟ್ಟಮ್ಮ


ಹೊಳೆಬಾಗಿಲು
10 ಸೆಪ್ಟೆಂಬರ್ 2000

ಬೆಟ್ಟಿ,

ಕನ್ನಡಕ ಬಂತು. ಅದು ಬರದೇ ಇದ್ದಿದ್ದರೆ ಇನ್ನಷ್ಟು ದಿನ ಬರೆಯುತ್ತಿರಲಿಲ್ಲವೇನೋ. ನಿನ್ನವ್ವ ಬೇಡವೆಂದು ಕಾಲು ಹಿಡಿದುಕೊಂಡಳು. ನೀರಿಗಿಳಿಯುವ ಮಗಳಿಗೆ ಈ ಸುದ್ದಿ ಹೋಗಬಾರದು ಎಂದು. ಕೂತುಕೊಂಡು ಓದು.

ನಯನಾ ಇಲ್ಲ.

ಯುಗಾದಿ ಕಳೆದು ಒಂದು ವಾರವಾಗಿತ್ತು. ಬಿಸಿಲು ಜೋರಾಗಿತ್ತು, ಮೋಟಾರು ಓಡುತ್ತಿತ್ತು. ಅವಳು ಸಂಜೆ ಬಂದಳು. "ಮಾವ, ನೋಡ್ತಿರು. ಇವತ್ತು ನಿನ್ ಮಗಳಿಗಿಂತ ಜಾಸ್ತಿ ಹೊತ್ತು ಇರ್ತೀನಿ" ಎಂದಳು. ನಾನು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದೆ. ಎರಡು ಸಲ ಮಲಗಿ ಎದ್ದಳು. ಮೂರನೇ ಸಲ ಮಲಗಿದಳು. ನೋಡುತ್ತಾ ಕೂತೆ. ಸ್ವಲ್ಪ ಹೊತ್ತಾಯಿತು ಅನ್ನಿಸಿತು. ಎದೆ ಹೊಡೆದುಕೊಂಡಿತು, ಅದು ಯಾವಾಗಲೂ ಹೊಡೆದುಕೊಳ್ಳುತ್ತದೆ. ಎದ್ದು ಹೋದರೆ ನಗುತ್ತಾಳೆ ಎಂದುಕೊಂಡೆ. ಕವುಚಿ ಮಲಗಿದವರೆಲ್ಲ ಹೆಣವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. "ಗೆದ್ದೆ ಕಣವ್ವ, ಏಳು" ಎಂದು ಕೂಗಿದೆ. ಮೋಟಾರಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದು ಒಳಗೆ ಹೋಗಿ ಮೋಟಾರು ನಿಲ್ಲಿಸಿದೆ. ಬಂದು ಮತ್ತೆ ಕೂಗಿದೆ. ಬೀಡಿ ಮುಗಿದಿತ್ತು.

ಮಣಿಕಟ್ಟು ಹಿಡಿದೆ. ಅದು ಹೇಗಿತ್ತು ಎಂದು ನಿನಗೆ ಬರೆಯಬೇಕಾಗಿಲ್ಲ.

ಫಿಟ್ಸ್ ಎಂದು ಡಾಕ್ಟರು ಹೇಳಿದರು. ಬಿಟ್ಟುಹೋಗಿದೆ ಎಂದು ನಾವೆಲ್ಲ ತಿಳಿದಿದ್ದ ಕಾಯಿಲೆ. ಕೈಯಳತೆಯ ದೂರದಲ್ಲಿ ನಾನಿದ್ದೆ ಬೆಟ್ಟಿ. ಮಲ್ಪೆಯಲ್ಲಿ ದುಡುಕಿದವನು ಇಲ್ಲಿ ದುಡುಕಿದ್ದರೆ ಆಗಿತ್ತು. ಚಿನ್ನಮ್ಮನಿಗೆ ಒಂದನ್ನೂ ಮುಚ್ಚಿಡಲಿಲ್ಲ. ಬೀಡಿಯ ವಿಷಯವನ್ನೂ ಹೇಳಿದೆ. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಿಂತೇ ಇದ್ದೆ. "ನೀ ಏನ್ ಮಾಡೀಯೆ ಜವರಣ್ಣ" ಎಂದು ಒಳಗೆ ಹೋದಳು.

ನಿನ್ನನ್ನು ನೀನು ಬೈದುಕೊಳ್ಳಬೇಡ. ನೀನು ಕಲಿಸಿದ್ದು ಬದುಕುವವರು ಸುಧಾರಿಸಿಕೊಳ್ಳುವ ಬಗೆ. ಅದನ್ನು ತಪ್ಪಾಗಿ ಕಲಿತವನು ನಾನು. ದೋಣಿಗೆ ಮಾತ್ರ ನನ್ನನ್ನು ಕರೆಯಬೇಡ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಈ ಕೈಗೆ ಈಗ ಗೊತ್ತಾಗುವುದಿಲ್ಲ.

ಅಪ್ಪ


ಹುಬ್ಬಳ್ಳಿ
1 ಅಕ್ಟೋಬರ್ 2000

ಅಪ್ಪಾ,

ಮೂರು ಸಲ ಬರೆದು ಹರಿದೆ.

ಕಾಗದ ಬಂದ ದಿನ ಕೊಳಕ್ಕೆ ಹೋದೆ. ಕವುಚಿ ಮಲಗಲು ನೋಡಿದೆ. ಆಗಲಿಲ್ಲ. ಮುಖ ನೀರಿಗೆ ಹೋದ ಕೂಡಲೇ ಅವಳು ಪಕ್ಕದಲ್ಲಿದ್ದ ಹಾಗೆ. ಜವಾಬ್ದಾರಿ ನಿನಗೆ ಕೊಟ್ಟು ನಾನು ಸಮುದ್ರಕ್ಕೆ ಹೋದೆ. ಸಿಟ್ಟಿನಲ್ಲಿ ನಿನಗೆ ಪಾಠ ಹೇಳಿಕೊಟ್ಟೆ, ನೀನು ಮಗಳ ಮಾತೆಂದು ನಂಬಿದೆ. ಬೈದುಕೊಳ್ಳಬೇಡ ಎಂದು ಬರೆದಿದ್ದೀಯ. ಅದು ನನ್ನ ಕೈಯಲ್ಲಿಲ್ಲ. ಕನ್ನಡಕದ ಜೊತೆ ಬರೆದ ಆ ಮಾತು ನೆನಪಾದರೆ ನಡುಬೀದಿಯಲ್ಲಿ ನಿಂತುಬಿಡುತ್ತೇನೆ.

ಆದರೆ ದೋಣಿಗೆ ನೀನು ಬರಬೇಕು. ಬೇರೆ ಯಾರೂ ಬೇಡ. ಈ ಸಲ ಒಂದೇ ನಿಯಮ, ಅದನ್ನು ನಾನು ಮಾಡಿದ್ದು. ನಾನು ಕವುಚಿ ಮಲಗಿದರೆ ಯೋಚಿಸಬೇಡ. ಹಿಡಿ. ಸೀಟಿ ಊದುವವರು ಊದಲಿ. ಕಾಲುವೆ ಹೋದರೆ ಹೋಗಲಿ. ನಾನು ಕಿರುಚುವುದಿಲ್ಲ.

ನಿನ್ನ ಮಗಳು
ಬೆಟ್ಟಿ


ಹೊಳೆಬಾಗಿಲು
4 ಫೆಬ್ರವರಿ 2001

ಚಿ. ಬೆಟ್ಟಿಗೆ ಅಪ್ಪನ ಆಶೀರ್ವಾದ.

ಸುಖವಾಗಿ ಊರು ಸೇರಿದೆ. ಮಾರನಹಳ್ಳಿಯಲ್ಲಿ ಬಸ್ ನಿಲ್ಲಿಸಿದಾಗ ಟೀ ಕುಡಿದೆ. ಪಂಚೆಯ ಉಪ್ಪು ಇನ್ನೂ ಹೋಗಿಲ್ಲ, ನಿನ್ನವ್ವ ಬೈಯುತ್ತಿದ್ದಾಳೆ.

ನಿನ್ನ ಕಾಲು ಹಿಡಿದುಕೊಂಡದ್ದು ನನಗೆ ಕಾಣಿಸಿತು. ಮೊದಲು ಬಲಗಾಲು, ಆಮೇಲೆ ಎರಡೂ. ನಾನು ದೋಣಿಯ ಅಂಚಿನಿಂದ ಕೈಯನ್ನು ನೀರಿಗೆ ಇಳಿಬಿಟ್ಟುಕೊಂಡೇ ಇದ್ದೆ, ಹೊರಟಾಗಿನಿಂದ. ಹೇಳಿದ ಹಾಗೆ ಹಿಡಿಯಲು. ಈಗ ಮಲಗುತ್ತಾಳೆ, ಈಗ ಮಲಗುತ್ತಾಳೆ ಎಂದು ನೋಡಿದೆ. ನೀನು ಮಲಗಲಿಲ್ಲ. ಒಬ್ಬಳು ದಾಟಿ ಹೋದಳು, ಇನ್ನೊಬ್ಬಳು ಹೋದಳು, ಮತ್ತೊಬ್ಬಳೂ ಹೋದಳು. ಮಲಗಿ ಸುಧಾರಿಸಿಕೊಂಡಿದ್ದರೆ ನೀನೇ ಮೊದಲು ಬರುತ್ತಿದ್ದೆ ಎಂದು ಯೋಗಾನಂದರು ದಡದಲ್ಲಿ ತಲೆ ಹಿಡಿದುಕೊಂಡು ಕೂತಿದ್ದರು. ಯಾಕೆ ಮಲಗಲಿಲ್ಲ ಎಂದು ನಾನು ಗೊತ್ತಿಲ್ಲದವನ ಹಾಗೆ ಕೇಳಿದೆ. ನೀನೂ ಏನೂ ತಿಳಿಯದವಳ ಹಾಗೆ, "ಕಾಲು ಹಿಡೀಲೇ ಇಲ್ಲಪ್ಪ, ಸುಸ್ತಾಯ್ತು ಅಷ್ಟೆ" ಎಂದೆ. ಹಾಗೇ ಇರಲಿ.

ಗೆರೆ ದಾಟಿದ ಮೇಲೆ, ಸೀಟಿ ಎಲ್ಲ ಮುಗಿದ ಮೇಲೆ, ಮೊಳಕಾಲುದ್ದ ನೀರಿನಲ್ಲಿ ನನ್ನ ಕಡೆ ಒಮ್ಮೆ ನೋಡಿ ಕವುಚಿ ಮಲಗಿದೆಯಲ್ಲ. ನಾನು ಕಾಯಲಿಲ್ಲ. ಜನ ನೋಡುತ್ತಿದ್ದರು, ನೋಡಲಿ. ಮಣಿಕಟ್ಟು ಬೆಚ್ಚಗಿತ್ತು.

ಇನ್ನು ಸಮುದ್ರ ಸಾಕು, ಮಕ್ಕಳಿಗೆ ಕಲಿಸುತ್ತೇನೆ ಎಂದೆ ನೀನು. ಬೇಡ ಎನ್ನಲು ನನಗೆ ಬಾಯಿಲ್ಲ. ನಿನ್ನ ಕಾಲುವೆ ಎರಡು ಸಲ ನನ್ನ ಕೈಯಲ್ಲೇ ಹೋಯಿತು. ಆ ಸಂಕಟ ನನ್ನ ಜೊತೆಗೇ ಇರುತ್ತದೆ.

ಬಸ್ ಇಳಿದು ಬರುವಾಗ ಚಿನ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ನೀನು ಕಳಿಸಿದ ಕನ್ನಡಕ ಅವಳ ಮನೆಯ ಗೂಟದಲ್ಲಿ ನೇತಾಡುತ್ತಿದೆ.

"ನಿನ್ ಮಗ ಗೆದ್ಲಾ ಜವರಣ್ಣ?" ಎಂದು ಕೇಳಿದಳು.

"ಇಲ್ಲ ಕಣವ್ವ. ದಡಕ್ಕೆ ಬಂದ್ಲು" ಎಂದೆ.

ಅವಳು ಸೆರಗು ಸರಿಮಾಡಿಕೊಂಡಳು. "ನಂಗೂ ಅಷ್ಟಾಗಿದ್ರೆ ಸಾಕಿತ್ತು" ಎಂದಳು.

ಅಪ್ಪ